ಓದುಗರ ಪ್ರಶ್ನೆ: ಶತ್ರುವಿನ ರೇಡಾರ್ ಕಾವಲಿದ್ದರೂ ಯುದ್ಧವಿಮಾನ ಒಳಗೆ ನುಗ್ಗುವುದು ಹೇಗೆ?

(ಉತ್ತರಿಸುವವರು: ವಾಯುಪಡೆಯ ರೇಡಾರ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ಬೀದರ್‌ನಲ್ಲಿ ನೆಲೆಸಿರುವ ಅಧಿಕಾರಿ)

ಪ್ರಶ್ನೆ: ಸರ್, ಬೀದರ್ ಏರ್‌ಫೋರ್ಸ್‌ನ ಹಾಕ್ ವಿಮಾನ ನಮ್ಮ ಕಡೆ ಹಾರಾಡ್ತಾವ. ಶತ್ರು ದೇಶದಾಗ ರೇಡಾರ್, ಕ್ಷಿಪಣಿ ಎಲ್ಲಾ ಇಟ್ಕೊಂಡು ಕುಂತಿರ್ತಾರ. ಅಂಥಾ ಕಡೆ ನಮ್ಮ ವಿಮಾನ ಹ್ಯಾಂಗ ಹೋಗ್ತಾವ? ಹಾಕ್‌ನೂ ಕಳಸ್ತಾರೇನು?
– ಬಿ.ಎಸ್ಸಿ. ವಿದ್ಯಾರ್ಥಿ, ಹುಮನಾಬಾದ್

ಉತ್ತರ: ಹಾಕ್ ಆ ಕೆಲಸಕ್ಕೆ ಹೋಗುವುದಿಲ್ಲ. ಅದು ತರಬೇತಿ ವಿಮಾನ. ಮುಂದೆ ಯುದ್ಧವಿಮಾನ ಹಾರಿಸುವವರು ಅದರಲ್ಲಿ ಪಳಗುತ್ತಾರೆ. ಆದರೆ ನೆಲಕ್ಕೆ ಹತ್ತಿರವಾಗಿ ವೇಗದಲ್ಲಿ ಹಾರುವುದನ್ನು ರೂಢಿ ಮಾಡಿಕೊಳ್ಳುವುದು ಇಂಥ ವಿಮಾನಗಳಲ್ಲೇ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ರೇಡಾರ್ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಭೂಮಿಯೋ ಬಾಗಿದೆ. ಬೀದರ್‌ನಲ್ಲಿ 10 ಮೀಟರ್ ಎತ್ತರದ ಆಂಟೆನಾ ಇದೆ, ಸುತ್ತ ನೆಲ ಸಮತಟ್ಟು ಎಂದುಕೊಳ್ಳಿ. 10 ಕಿ.ಮೀ. ಎತ್ತರದಲ್ಲಿ ಬರುವ ವಿಮಾನ 400 ಕಿ.ಮೀ.ಗೂ ಆಚೆಯಿಂದ, ಅಂದರೆ ಪುಣೆ ದಾಟುವ ಮೊದಲೇ, ಅದರ ದೃಷ್ಟಿರೇಖೆಗೆ ಬರುತ್ತದೆ. ಅದೇ ವಿಮಾನ 60 ಮೀಟರ್ ಎತ್ತರದಲ್ಲಿ ಬಂದರೆ? ಸುಮಾರು 45 ಕಿ.ಮೀ. ಸಮೀಪಿಸುವ ತನಕ ಕಾಣುವುದಿಲ್ಲ. ಅದು ನಿಮ್ಮ ಹುಮನಾಬಾದ್! ಗಂಟೆಗೆ 900 ಕಿ.ಮೀ. ವೇಗದ ವಿಮಾನ ಆ ದೂರವನ್ನು ಮೂರೇ ನಿಮಿಷದಲ್ಲಿ ದಾಟುತ್ತದೆ. ಕ್ಷಿಪಣಿಯವರಿಗೆ ಸಿಗುವ ಸಮಯ ಅಷ್ಟೇ.

ಆದರೆ ತಗ್ಗಿನಲ್ಲಿ ಹಾರಿದರೆ ಫಿರಂಗಿಗಳ ಬಾಯಿಗೆ, ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಸಿಗುವ ಭಯ. ಆದ್ದರಿಂದ ಇನ್ನೊಂದು ದಾರಿ: ರೇಡಾರನ್ನೇ ಬೇಟೆಯಾಡುವುದು. 1965ರ ಜುಲೈ 24ರಂದು ವಿಯೆಟ್ನಾಂನಲ್ಲಿ ಸೋವಿಯತ್ ನಿರ್ಮಿತ ಎಸ್‌ಎ-2 ಕ್ಷಿಪಣಿ ಅಮೆರಿಕದ ಎಫ್-4 ವಿಮಾನವನ್ನು ಉರುಳಿಸಿದ ಮೇಲೆ ಈ ವಿದ್ಯೆಗೆ ವೇಗ ಬಂತು. ‘ವೈಲ್ಡ್ ವೀಸಲ್’ ಎಂಬ ತಂಡ ಕಟ್ಟಿದರು. ಎರಡು ಸೀಟಿನ ವಿಮಾನ. ಮುಂದಿನವನು ಹಾರಿಸುತ್ತಾನೆ, ಹಿಂದಿನವನು ಪರದೆ ನೋಡುತ್ತಾ ಕಿವಿಗೊಟ್ಟು ಕೂರುತ್ತಾನೆ. ಹುಡುಕುವ ರೇಡಾರ್ ಒಂದು ಸುತ್ತು ಬಂದಾಗೊಮ್ಮೆ ಹೆಡ್‌ಫೋನ್‌ನಲ್ಲಿ ಸದ್ದು ಕಿರ್ ಎಂದು ಬಂದು ಹೋಗುತ್ತದೆ. ಗುರಿ ಹಿಡಿಯುವ ರೇಡಾರ್ ತಾಗಿತೆಂದರೆ ಆ ಸದ್ದು ಬಿಡದೆ ಕೊರೆಯತೊಡಗುತ್ತದೆ. ತನ್ನ ಮೇಲೇ ಗುರಿ ಇಟ್ಟಿದ್ದಾರೆಂದು ಗೊತ್ತಿದ್ದೂ ಅದರತ್ತಲೇ ವಿಮಾನ ತಿರುಗಿಸಿದವರು ಅವರು. ಆ ಧೈರ್ಯವನ್ನು ಯಾವತ್ತೂ ಗೌರವಿಸುತ್ತೇನೆ.

ರೇಡಾರ್ ಇರುವ ಜಾಗ ಗೊತ್ತಾಗುವುದು ಹೇಗೆ? ರಾತ್ರಿ ತೊಗರಿ ಹೊಲದಲ್ಲಿ ಹಂದಿ ಕಾಯುವವನು ಬ್ಯಾಟರಿ ಬಿಟ್ಟರೆ ಅವನಿಗೆ ಕಾಣುವುದು ಒಂದಿಷ್ಟು ಮಾರು. ಆ ಬೆಳಕು ಮಾತ್ರ ಪಕ್ಕದೂರಿಗೂ ಕಾಣುತ್ತದೆ. ರೇಡಾರ್ ಕಥೆಯೂ ಇದೇ. ಅದರ ತರಂಗ ವಿಮಾನಕ್ಕೆ ಬಡಿದು ವಾಪಸ್ ಬರಬೇಕು, ವಿಮಾನಕ್ಕೆ ಒಂದು ಕಡೆಯ ಪಯಣ ಸಾಕು. ಹಾಗಾಗಿ ಸಾಮಾನ್ಯವಾಗಿ ಮೊದಲು ಗೊತ್ತಾಗುವುದು ವಿಮಾನಕ್ಕೆ. ಆಮೇಲೆ ಆ ತರಂಗದ ಜಾಡು ಹಿಡಿದೇ ರೇಡಾರ್ ಮೇಲೆ ಎರಗುವ ಕ್ಷಿಪಣಿ ಬಿಡುತ್ತಾರೆ.

ಪ್ರಶ್ನೆ: ಕ್ಷಿಪಣಿ ಬರುತ್ತಿದ್ದಂತೆ ರೇಡಾರ್ ಬಂದ್ ಮಾಡಿಬಿಟ್ಟರೆ ಮುಗಿಯಿತಲ್ಲ? ಮತ್ತೆ ಇದರಿಂದ ಏನು ಉಪಯೋಗ?
– ಪ್ರೌಢಶಾಲಾ ಶಿಕ್ಷಕಿ, ಶಹಾಪುರ

ಉತ್ತರ: ಒಳ್ಳೆಯ ಪ್ರಶ್ನೆ ಮೇಡಂ. ವಿಯೆಟ್ನಾಂ ಕಾಲದ ಶ್ರೈಕ್ ಕ್ಷಿಪಣಿಗೆ ನೀವು ಹೇಳಿದಂತೆಯೇ ಆಗುತ್ತಿತ್ತು: ರೇಡಾರ್ ಆರಿದರೆ ದಾರಿ ತಪ್ಪುತ್ತಿತ್ತು. ಬ್ರಿಟನ್ನಿನ ಅಲಾರ್ಮ್ ಕ್ಷಿಪಣಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ರೇಡಾರ್ ಬಂದ್ ಆದರೆ ಅದು ಮೇಲೆ ಪ್ಯಾರಾಶೂಟ್ ಬಿಚ್ಚಿಕೊಂಡು ನಿಧಾನ ಇಳಿಯುತ್ತಾ ಕಾಯುತ್ತಿತ್ತು. ಮತ್ತೆ ಹಚ್ಚಿದರೋ, ಪ್ಯಾರಾಶೂಟ್ ಕಳಚಿ ನೇರ ಎರಗುತ್ತಿತ್ತು. ನಮ್ಮ ಡಿಆರ್‌ಡಿಒ 2020ರ ಅಕ್ಟೋಬರ್ 9ರಂದು ಸುಖೋಯ್-30 ವಿಮಾನದಿಂದ ಪರೀಕ್ಷಿಸಿದ ರುದ್ರಂ ಕ್ಷಿಪಣಿ ತರಂಗ ಹಿಡಿಯುವುದರ ಜೊತೆಗೆ ಜಿಪಿಎಸ್ ಸಹಾಯವನ್ನೂ ಪಡೆಯುತ್ತದೆ.

ಆದರೆ ನಾನು ಒತ್ತಿ ಹೇಳಬೇಕಾದದ್ದು ಬೇರೆ. ರೇಡಾರ್ ಬಂದ್ ಮಾಡಿಸಿದ್ದೇ ಗೆಲುವು! ಬಾಂಬ್ ಹೊತ್ತ ವಿಮಾನಗಳು ಹೋಗಿ ಬರುವಷ್ಟು ಹೊತ್ತು ಆಪರೇಟರ್ ಸ್ವಿಚ್ ಮುಟ್ಟಲು ಹೆದರಿದರೆ ಸಾಕು. ಧ್ವಂಸವಾದ ರೇಡಾರ್ ಲಾರಿಗಳನ್ನು ಎಣಿಸಿ ಇದರ ಬೆಲೆ ಕಟ್ಟುವುದು ಸರಿಯಲ್ಲ.

ಇದರ ಮಿತಿಯೂ ಇಲ್ಲೇ ಇದೆ. 1999ರಲ್ಲಿ ನೇಟೋ 78 ದಿನ ಯುಗೊಸ್ಲಾವಿಯದ ಮೇಲೆ ದಾಳಿ ಮಾಡಿ ರೇಡಾರ್ ಬೇಟೆಯಾಡುವ 700ಕ್ಕೂ ಹೆಚ್ಚು ಹಾರ್ಮ್ ಕ್ಷಿಪಣಿ ಸುರಿಯಿತು. ಸರ್ಬಿಯನ್ನರು ರೇಡಾರನ್ನು ಕೆಲವೇ ಸೆಕೆಂಡು ಹಚ್ಚಿ ಆರಿಸುತ್ತಿದ್ದರು, ಗಾಡಿ ಕಟ್ಟಿಕೊಂಡು ಜಾಗ ಬದಲಿಸುತ್ತಿದ್ದರು. ಅವರ ರಕ್ಷಣೆ ಪೂರ್ತಿ ಸಾಯಲೇ ಇಲ್ಲ. ಮಾರ್ಚ್ 27ರಂದು 1960ರ ದಶಕದ ಎಸ್-125 ಕ್ಷಿಪಣಿ ವ್ಯವಸ್ಥೆಯಿಂದ, ರೇಡಾರ್‌ಗೆ ಸುಲಭವಾಗಿ ಕಾಣದ ಅಮೆರಿಕದ ಎಫ್-117 ‘ಅದೃಶ್ಯ’ ವಿಮಾನವನ್ನೇ ಕೆಡವಿದರು. ಹಳೆಯ ಸಾಮಾನು, ಆದರೆ ಶಿಸ್ತಿನ ಆಪರೇಟರ್‌ಗಳು.

ಪ್ರಶ್ನೆ: ಈಗ ಡ್ರೋನ್ ಬಂದಾವಲ್ಲ, ಪೈಲಟ್ ಯಾಕ ಬೇಕ್ರಿ?
– ಕಲಬುರಗಿಯಿಂದ ಒಬ್ಬ ಓದುಗರು

ಉತ್ತರ: ಡ್ರೋನ್ ಈ ಕೆಲಸಕ್ಕೆ ಹೊಸದಲ್ಲ. 1982ರ ಜೂನ್ 9ರಂದು ಇಸ್ರೇಲ್ ಲೆಬನಾನಿನ ಬೆಕಾ ಕಣಿವೆಯಲ್ಲಿ ಮೊದಲು ಪೈಲಟ್ ಇಲ್ಲದ ವಿಮಾನಗಳನ್ನು ಬಿಟ್ಟಿತು. ಸಿರಿಯಾದವರು ನಿಜವಾದ ದಾಳಿಯೆಂದು ರೇಡಾರ್ ಹಚ್ಚಿದರು, ಜಾಗ ಬಯಲಾಯಿತು. ಆ ದಿನ 19 ಕ್ಷಿಪಣಿ ಬ್ಯಾಟರಿಗಳಲ್ಲಿ (ಅಂದರೆ ಕ್ಷಿಪಣಿ ತುಕಡಿಗಳಲ್ಲಿ) 17 ನಾಶವಾದವು. ನಮ್ಮಲ್ಲೂ ರೇಡಾರ್ ಹುಡುಕಿ ಅಪ್ಪಳಿಸುವ ಇಸ್ರೇಲಿನ ಹಾರ್ಪಿ ಡ್ರೋನ್ ಇದೆ. 2025ರ ಮೇ 8ರಂದು ಪಾಕಿಸ್ತಾನದ ಹಲವೆಡೆ ವಾಯು ರಕ್ಷಣಾ ರೇಡಾರ್‌ಗಳನ್ನು ಗುರಿಯಾಗಿಸಿದ್ದಾಗಿ, ಲಾಹೋರ್‌ನಲ್ಲಿ ಒಂದು ವ್ಯವಸ್ಥೆ ನಿಷ್ಕ್ರಿಯವಾಗಿದ್ದಾಗಿ ನಮ್ಮ ಸರ್ಕಾರ ಹೇಳಿತು.

ಆದರೂ ಬೆಕಾದಲ್ಲಿ ಡ್ರೋನ್ ದಾರಿ ತೆರೆಯಿತಷ್ಟೆ, ಬಾಂಬ್ ಹಾಕಿದ್ದು ಪೈಲಟ್‌ಗಳಿದ್ದ ವಿಮಾನಗಳು. ಹಚ್ಚಿದ್ದು ಅಸಲಿ ರೇಡಾರೋ, ಕಣ್ಣು ಕಟ್ಟಲು ಇಟ್ಟ ನಕಲಿಯೋ, ಈಗ ಹೊಡೆಯಬೇಕೋ, ಕ್ಷಿಪಣಿ ಉಳಿಸಿಕೊಳ್ಳಬೇಕೋ ಎಂದು ಅಲ್ಲೇ ತೀರ್ಮಾನಿಸಲು ನನ್ನ ಮಟ್ಟಿಗೆ ಇನ್ನೂ ಮನುಷ್ಯನೇ ಬೇಕು.