ಗುದ್ದಿದವನಿಗೆ ಇನ್ಶೂರೆನ್ಸ್ ಇಲ್ಲ, ನನ್ನ ಕ್ಲೇಮ್ ಎರಡು ತಿಂಗಳಿಂದ ನಿಂತಿದೆ. ಏನು ಮಾಡಲಿ?

ನಿಂತಿದ್ದ ನಿಮ್ಮ ಕಾರಿಗೆ ಹಿಂದಿನಿಂದ ಗುದ್ದಿದವನ ಹತ್ತಿರ ಇನ್ಶೂರೆನ್ಸ್ ಇಲ್ಲ. ನಿಮ್ಮ ಪಾಲಿಸಿ ಸರಿಯಾಗಿದೆ. ಆದರೂ ಕೇಳಿದಾಗಲೆಲ್ಲ ‘ಪ್ರೋಸೆಸ್‌ನಲ್ಲಿದೆ’ ಅಂತಾರೆ, ಅಲ್ವಾ? ನನಗೂ ಏಳು ವಾರ ಇದೇ ಮಾತು ಹೇಳಿದ್ದರು.

ಮೊದಲು ಸುಮ್ನೆ ಫೋನ್ ಮಾಡುವುದನ್ನು ನಿಲ್ಲಿಸಿ. ಪ್ರತಿ ಸಲ ಬೇರೆ ಯಾರೋ ಎತ್ತುತ್ತಾರೆ, ನೀವು ಮತ್ತೆ ಮೊದಲಿನಿಂದ ಕಥೆ ಹೇಳಬೇಕು. ನಾನು ಕೊನೆಗೆ ಒಂದು ಇಮೇಲ್ ಬರೆದೆ. ಕೇಳಿದ್ದು ಇಷ್ಟೇ: ಫೈಲ್ ಈಗ ಯಾವ ಕಾಗದಕ್ಕೆ ಕಾಯುತ್ತಿದೆ? ಅದನ್ನು ಯಾರು ಕೊಡಬೇಕು? ಬರದಿದ್ದರೆ ತೀರ್ಮಾನ ಯಾರದು? ಮೂರೇ ದಿನದಲ್ಲಿ ಉತ್ತರ ಬಂತು. ಗುದ್ದಿದವನ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ಬರಬೇಕಂತೆ! ಇನ್ಶೂರೆನ್ಸೇ ಇಲ್ಲ ಅಂದಮೇಲೆ ಪತ್ರ ಬರೆಯುವವರು ಯಾರು?

ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ. ಪಾಲಿಸಿ ಇದ್ದರೆ ತೆಗೆದು ತೋರಿಸಬಹುದು, ಇಲ್ಲ ಅನ್ನುವುದನ್ನು ಹೇಗೆ ತೋರಿಸೋದು? ನನ್ನ ಕೈಹಿಡಿದದ್ದು ಪೊಲೀಸ್ ವರದಿ. ಅವನು ವಿಮೆಯ ಕಾಗದ ತೋರಿಸಲಿಲ್ಲ ಎಂಬ ಒಂದು ಸಾಲು ಅದರಲ್ಲಿತ್ತು. ಅದನ್ನು ಗುರುತು ಮಾಡಿ ಕಳಿಸಿದೆ, ಫೈಲ್ ಅಲುಗಾಡಿತು. ನಿಮ್ಮ ವರದಿಯಲ್ಲಿ ಅಂಥ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಅವನ ಗಾಡಿ ನಂಬರ್ ಕೊಟ್ಟು, ಅಪಘಾತದ ದಿನ ಪಾಲಿಸಿ ಚಾಲ್ತಿಯಲ್ಲಿತ್ತೇ ಎಂದು ಪರಿಶೀಲಿಸಲು ನಿಮ್ಮ ಕಂಪನಿಯನ್ನೇ ಕೇಳಿ. ಆ ದಿನದ್ದೇ ಬೇಕು. ಮರುದಿನ ಓಡಿಹೋಗಿ ಪಾಲಿಸಿ ಮಾಡಿಸುವವರೂ ಇರುತ್ತಾರೆ.

ನಿಮ್ಮ ಪಾಲಿಸಿ ಯಾವ ಬಗೆಯದು ಅಂತ ನೀವು ಬರೆದಿಲ್ಲ. ಬರೀ ಥರ್ಡ್ ಪಾರ್ಟಿ ಆಗಿದ್ದರೆ ನಿಮ್ಮ ಕಾರಿನ ರಿಪೇರಿಗೆ ಅದರಿಂದ ಏನೂ ಸಿಗುವುದಿಲ್ಲ, ಗುದ್ದಿದವನಿಂದಲೇ ವಸೂಲಿ ಮಾಡಬೇಕು. ಸ್ವಂತ ಗಾಡಿಯ ಹಾನಿಗೂ ಕವರ್ ಇದ್ದರೆ ತಪ್ಪು ಯಾರದೇ ಇರಲಿ, ಕಂಪನಿ ಮೊದಲು ನಿಮಗೆ ಕೊಟ್ಟು ಆಮೇಲೆ ಅವನ ಹಿಂದೆ ಬೀಳುತ್ತದೆ. ಈ ವಸೂಲಿ ಹಕ್ಕಿಗೆ ಸಬ್ರೋಗೇಷನ್ ಅಂತಾರೆ. ಅವರ ವಸೂಲಿ ಮುಗಿಯಲಿ ಎಂದು ನಿಮ್ಮನ್ನು ಕಾಯಿಸುತ್ತಿದ್ದರೆ, ಪಾಲಿಸಿಯಲ್ಲಿ ಹಾಗೆ ಎಲ್ಲಿದೆ ತೋರಿಸಿ ಎಂದು ಕೇಳಿ. ಅಮೆರಿಕದಲ್ಲಿ ಇದಕ್ಕೆಂದೇ ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ಕವರ್ ಇದೆ. ಅದರಲ್ಲಿ ತಪ್ಪು ಎದುರಿನವನದು ಎಂದು ತೋರಿಸಬೇಕು, ತಡವಾಗುವುದಕ್ಕೆ ಅದೂ ಒಂದು ಕಾರಣ. ಬ್ರಿಟನ್‌ನಲ್ಲಂತೂ ವಿಮೆಯಿಲ್ಲದವರು ಮಾಡಿದ ಹಾನಿಗೆ ಪರಿಹಾರ ಕೊಡಲು 1946ರಿಂದ ಮೋಟಾರ್ ಇನ್ಶೂರರ್ಸ್ ಬ್ಯೂರೋ ಇದೆ.

ಇನ್ನೊಂದು ವಿಷಯ, ಇದರಲ್ಲಿ ಹುಷಾರಾಗಿರಿ. ಗುದ್ದಿದವನು ಸ್ವಲ್ಪ ಹಣ ಹಿಡಿದು ಬಂದು ‘ಇಲ್ಲಿಗೇ ಮುಗಿಸೋಣ, ಒಂದು ಸಹಿ ಹಾಕಿ’ ಅನ್ನಬಹುದು. ಕಂಪನಿಯನ್ನು ಕೇಳದೆ ಹಾಕಬೇಡಿ. ನೀವು ಅವನನ್ನು ಬಿಟ್ಟುಕೊಟ್ಟರೆ ಅವರ ವಸೂಲಿ ಹಕ್ಕೂ ಹೋಗುತ್ತದೆ. ಅದನ್ನೇ ನೆಪ ಮಾಡಿ ನಿಮ್ಮ ಕ್ಲೇಮ್ ತಳ್ಳಿಹಾಕಬಹುದು.

ಗ್ಯಾರೇಜಿನ ಕಡೆಯೂ ಕಣ್ಣಿಡಿ. ಬಂಪರ್ ಬಿಚ್ಚಿದ ಮೇಲೆ ಒಳಗೆ ಬೇರೆ ಪೆಟ್ಟು ಕಂಡರೆ ಮತ್ತೆ ಒಪ್ಪಿಗೆ ಬೇಕು. ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ಮೊದಲೇ ರಿಪೇರಿ ಮಾಡಿಸಿದರೆ ಜಗಳ ಗ್ಯಾರಂಟಿ. ನನಗೆ ಇಲ್ಲಿ ಹತ್ತು ದಿನ ಹೋಯಿತು. ಗ್ಯಾರೇಜಿನವರು ಒಪ್ಪಿಗೆ ಕೇಳಿಯೇ ಇರಲಿಲ್ಲ, ಕಂಪನಿಯನ್ನು ಬೈಯುತ್ತಾ ಕೂತಿದ್ದೆ.

ಇಮೇಲ್‌ಗೂ ಉತ್ತರ ಬರದಿದ್ದರೆ ಕಂಪನಿಯ ದೂರು ವಿಭಾಗಕ್ಕೆ ಬರೆದು ದೂರಿನ ನಂಬರ್ ಪಡೆಯಿರಿ. ಆಮೇಲೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ, ಅಂದರೆ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋದಾಗ ‘ಕಂಪನಿಗೆ ಮೊದಲು ದೂರು ಕೊಟ್ಟಿದ್ದೀರಾ’ ಅಂತಲೇ ಕೇಳುತ್ತಾರೆ. ಕೋರ್ಟಿಗೆ ಹೋಗಲು ಇರುವ ಗಡುವು ನೀವು ಕಾಯುತ್ತಿದ್ದೀರಿ ಎಂದು ನಿಲ್ಲುವುದಿಲ್ಲ, ಆ ತಾರೀಖು ಮೊದಲೇ ತಿಳಿದುಕೊಳ್ಳಿ. ಮೈಗೆ ಪೆಟ್ಟಾಗಿದ್ದರಂತೂ ವಕೀಲರನ್ನೇ ಕೇಳಿ.

ನನ್ನ ರಿಪೇರಿ ಹಣ ಒಂಬತ್ತನೇ ವಾರ ಬಂತು. ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಪಾಲು, ಅಂದರೆ ಕೈಯಿಂದ ಕಟ್ಟಿದ ಡಿಡಕ್ಟಿಬಲ್ ಮಾತ್ರ ಇನ್ನೂ ಬಂದಿಲ್ಲ. ನನ್ನ ಕಾರಿಗೆ ಗುದ್ದಿದವನು ಕಂಪನಿಗೆ ಕಂತಿನಲ್ಲಿ ಕೊಡುತ್ತಿದ್ದಾನಂತೆ.