ಹುಬ್ಬಳ್ಳ್ಯಾಗ ಮನಿ ನೋಡೂ ಮುಂದ ಮೊದಲ ನಳದ್ದು ಕೇಳ್ರಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಲಗ್ನ ಆಗಿ ಮೂರು ತಿಂಗಳಾಗೇತಿ, ನಿಮಗ ಹುಬ್ಬಳ್ಳ್ಯಾಗ ಕೆಲಸ, ನಿಮ್ಮ ಮನಿಯವರಿಗೆ ಧಾರವಾಡದಾಗ, ಇಬ್ಬರೂ ಅರಸೀಕೆರೆ ಕಡೆಯವರು, ಇಲ್ಲಿ ಒಬ್ಬರ ಗುರುತೂ ಇಲ್ಲ, ಮನಿ ಯಾವ ಊರಾಗ ಮಾಡಬೇಕು, ಇಲ್ಲಿ ಮಾತು ಊಟ ಮಂದಿ ನಮಗ ಹೊಂದತಾವೋ ಇಲ್ಲೋ ಅಂತ ಕೇಳೀರಿ. ನಮ್ಮದೂ ಹೆಚ್ಚುಕಡಿಮಿ ಇದ ಕಥಿ ಇತ್ರಿ, ಅದಕ್ಕ ಬರಿಯಾಕ ಕುಂತೆ.

ನಾವು ಗದಗ ಜಿಲ್ಲಾದ ರೋಣ ತಾಲೂಕಿನವರು. ಭಾಷಾ ನಮ್ಮದ, ರೊಟ್ಟಿ ನಮ್ಮದ, ಬಸ್ ಹತ್ತಿದ್ರ ಸಂಜಿಯೊಳಗ ಊರು ಮುಟ್ಟಬಹುದು. ಆದ್ರೂ 2017ರಾಗ ಲಗ್ನ ಆಗಿ ಹುಬ್ಬಳ್ಳಿಗೆ ಬಂದಾಗ ಮೊದಲನೇ ವರ್ಷ ನಾವು ಭಾಳ ತ್ರಾಸ ಪಟ್ಟೇವಿ. ನಮ್ಮ ಮನಿಯವರಿಗೆ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಕೆಲಸ, ನನಗ ಧಾರವಾಡ ಜುಬಿಲಿ ಸರ್ಕಲ್ ಹತ್ರ ಒಂದು ಆಫೀಸಿನ್ಯಾಗ ಲೆಕ್ಕ ಬರಿಯೂದು. ತಾರಿಹಾಳ ಒಂದು ಮೂಲಿ, ಜುಬಿಲಿ ಸರ್ಕಲ್ ಇನ್ನೊಂದು ಮೂಲಿ, ನಡುವ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು.

ಎಲ್ಲಾರೂ ನಿಮಗ ಬಾಡಿಗಿ ಎಷ್ಟು, ಡಿಪಾಜಿಟ್ ಎಷ್ಟು, ಪಾರ್ಕಿಂಗ್ ಐತೋ ಇಲ್ಲೋ ನೋಡ್ರಿ ಅಂತ ಹೇಳ್ತಾರ. ಅವೆಲ್ಲಾ ನೋಡ್ರಿ. ಆದ್ರ ಮೊದಲ ನಳದ್ದು ಕೇಳ್ರಿ. ಇಲ್ಲಿ ನಳ ಅಂದ್ರ ಬರೇ ಕೊಳಾಯಿ ಅಲ್ಲ, "ಇವತ್ತ ನಳ ಬರ್ತೈತಿ" ಅಂದ್ರ ಇವತ್ತ ನಮ್ಮ ಓಣಿಗೆ ನೀರು ಬಿಡ್ತಾರ ಅಂತ ಅರ್ಥ. ಅವಳಿ ನಗರಕ್ಕ ನೀರು ಬರೂದು ಸವದತ್ತಿ ಹತ್ರ ಮಲಪ್ರಭಾ ಡ್ಯಾಮಿನಿಂದ, ಅಷ್ಟು ದೂರದಿಂದ ಪಂಪ್ ಮಾಡಿ ತಂದು ಓಣಿ ಓಣಿಗೆ ಪಾಳಿ ಮ್ಯಾಲೆ ಬಿಡ್ತಾರ, ಅದಕ್ಕ ಎಲ್ಲಾ ಕಡೆ ದಿನಾ ಬರೂದಿಲ್ಲ. 2008ರಿಂದ ಕೆಲವು ವಾರ್ಡಿನ್ಯಾಗ 24 ತಾಸೂ ನೀರು ಐತಿ, ಅಂಥಾ ಓಣ್ಯಾಗ ಮನಿ ಸಿಕ್ರ ಬಾಡಿಗಿ ಸಾವಿರ ರೂಪಾಯಿ ಹೆಚ್ಚಾದ್ರೂ ಬಿಡಬ್ಯಾಡ್ರಿ. ನಾವು ಇದ್ದ ಮೊದಲನೇ ಓಣ್ಯಾಗ ಐದು ದಿನಕ್ಕೊಮ್ಮೆ ಬರತಿತ್ತು, ಬ್ಯಾಸಿಗ್ಯಾಗ ಎಂಟು ದಿನ ಆಗಿದ್ದೂ ಐತಿ.

ಆ ಮನಿ ಎರಡನೇ ಅಂತಸ್ತಿನ್ಯಾಗ ಇತ್ತು. ಗಾಳಿ ಬೆಳಕು ಚಲೋ, ಕಿಡಕ್ಯಾಗ ನಿಂತ್ರ ದೂರದಾಗ ನೃಪತುಂಗ ಬೆಟ್ಟ ಕಾಣತಿತ್ತು, ಅದಕ್ಕ ಮರುಳಾಗಿ ಒಪ್ಪಿಕೊಂಡು ಬಿಟ್ವಿ. ನೀರಿಂದ ಕೇಳಿದಾಗ ಮಾಲಕರು "ನೀರಿಂದೇನೂ ತ್ರಾಸ ಇಲ್ರಿ" ಅಂದ್ರು, ನಾವು ಎಷ್ಟು ದಿನಕ್ಕೊಮ್ಮೆ, ಎಷ್ಟು ತಾಸು, ಸಂಪ್ ಐತೇನು, ಮ್ಯಾಲಿನ ತನಕ ಪ್ರೆಶರ್ ಬರ್ತೈತೇನು ಅಂತ ಬಿಡಿಸಿ ಕೇಳಲಿಲ್ಲ. ಸಂಪ್ ಇರಲಿಲ್ಲ. ನೀರು ಕೆಳಗ ರಸ್ತೆ ಮಗ್ಗಲದ ನಳಕ್ಕ ಅಷ್ಟ ಬರತಿತ್ತು, ಅಲ್ಲೇ ಪೈಪ್ ಹಚ್ಚಿ ಬ್ಯಾರಲ್ ತುಂಬಿಸಿ ಕೊಡದಿಂದ ಮ್ಯಾಲೆ ಹೊರಬೇಕು. ಒಮ್ಮೆ ರಾತ್ರಿ ಎರಡಕ್ಕ ಬಿಡತಿದ್ರು, ಒಮ್ಮೆ ಮುಂಜಾನೆ ಹನ್ನೊಂದಕ್ಕ. ಇಬ್ಬರೂ ದುಡಿಯೂ ಮನ್ಯಾಗ ಹನ್ನೊಂದು ಗಂಟೆಕ್ಕ ಯಾರು ಇರಬೇಕ್ರಿ?

ನಮ್ಮ ಮೊದಲನೇ ಜಗಳ ಆಗಿದ್ದು ಇದಕ್ಕ. ರೊಕ್ಕಕ್ಕಲ್ಲ, ಅತ್ತಿ-ಮಾವನ ಸಲುವಾಗಿ ಅಲ್ಲ, ನೀರಿನ ದಿನ ರಜಾ ಯಾರು ಹಾಕಬೇಕು ಅಂತ. ಅವರು "ನನ್ನದು ಶಿಫ್ಟ್, ನಾ ಬರಲಿಲ್ಲ ಅಂದ್ರ ಇನ್ನೊಬ್ಬ ಎರಡು ಪಾಳಿ ನಿಲ್ಲಬೇಕು" ಅಂತಾರ, ನಾ "ನನ್ನದು ಹೊಸಾ ಕೆಲಸ, ಪಗಾರ ಕಟ್ ಮಾಡ್ತಾರ" ಅಂತೇನಿ, ಇಬ್ಬರದೂ ಖರೇನ. ಎರಡು ತಿಂಗಳನ್ಯಾಗ ನನ್ನ ನಾಲ್ಕು ರಜಾ ಬರೇ ನೀರಿಗೆ ಹೋದ್ವು. ಅಷ್ಟರಾಗ ಪಂಚಮಿ ಬಂತು. ನಿಮ್ಮ ಕಡೆ ಹೆಂಗೋ ಗೊತ್ತಿಲ್ರಿ, ನಮ್ಮ ಕಡೆ ಲಗ್ನ ಆದ ಮೊದಲನೇ ವರ್ಷ ಪಂಚಮಿಗೆ ಹೆಣ್ಣಮಗಳು ತವರಮನಿಗೆ ಹೋಗಲಿಕ್ಕೇ ಬೇಕು, ಜೋಕಾಲಿ ಕಟ್ಟಿರ್ತಾರ, ಶೇಂಗಾ ಉಂಡಿ, ಪುಠಾಣಿ ಉಂಡಿ, ಎಳ್ಳುಂಡಿ ಮಾಡಿ ಕಾಯ್ತಿರ್ತಾರ. ನನಗ ಕೇಳಾಕ ರಜಾ ಉಳದಿರಲಿಲ್ಲ. ನಮ್ಮ ತಮ್ಮ ಬಸ್ಸಿನ್ಯಾಗ ಉಂಡಿ ಡಬ್ಬಿ ತಂದು ಕೊಟ್ಟು ಅದ ಬಸ್ಸಿಗೆ ಹೊಳ್ಳಿ ಹೋದ, ನಾ ಮೆಟ್ಟಲ ಮ್ಯಾಲೆ ಕುಂತು ಅತ್ತುಬಿಟ್ಟೆ.

ಎದುರು ಮನಿ ಅವ್ವಾರು ನೋಡಿದ್ರು. ಅಲ್ಲಿ ತನಕ ಅವರ ಜೋಡಿ ನನ್ನ ಮಾತು ಬರೇ "ಆರಾಮ ಅದೀರಿ?" ಅನ್ನೂದ್ರಾಗ ಮುಗೀತಿತ್ತು, ಯಾರಿಗೂ ಭಾರ ಆಗಬಾರದು ಅಂತ ನಾನ ದೂರ ಇದ್ದೆ. ಅವರು ಬಂದು ಮಗ್ಗಲ ಕುಂತು "ಏನವಾ, ಪಂಚಮಿಗೆ ತವರಿಗೆ ಹೋಗಲಿಲ್ಲೇನು?" ಅಂದ್ರು. ನಾ ನೀರಿಂದು, ರಜಾದ್ದು, ಜಗಳದ್ದು ಎಲ್ಲಾ ಹೇಳಿದೆ. ಅವರು ಪೂರ್ತಿ ಕೇಳಿ "ಅಯ್ಯ, ಇಷ್ಟಕ್ಕ ಯಾರಾರ ರಜಾ ಹಾಕ್ತಾರೇನ? ಬ್ಯಾರಲ್ ಕೆಳಗ ಇಟ್ಟು ಹೋಗು, ನಮ್ಮದು ತುಂಬಿದ ಮ್ಯಾಲೆ ನಿಮ್ಮದಕ್ಕ ಪೈಪ್ ಹಾಕ್ತೇನಿ" ಅಂದ್ರು. ಮುಂದ ಆ ಮನಿ ಬಿಡೂ ತನಕ ನೀರಿಗೆ ಅಂತ ನಾವು ಒಂದು ದಿನಾನೂ ರಜಾ ಹಾಕಲಿಲ್ರಿ. ಸಂಜಿಕ ಬಂದು ಇಬ್ಬರೂ ಕೂಡಿ ಕೊಡ ಹೊತ್ತು ಮ್ಯಾಲೆ ಒಯ್ಯತಿದ್ವಿ, ಅಷ್ಟ.

ಅದಕ್ಕ ನಾ ನಿಮಗ ಹೇಳೂದು, ಮನಿ ಹಿಡಿದ ದಿನಾನ ಆಜೂಬಾಜೂ ನಾಲ್ಕು ಮನಿ ಬಾಗಲಾ ಬಡೀರಿ, ಇಬ್ಬರೂ ಕೂಡೇ ಹೋಗ್ರಿ. ಹೆಸರು ಹೇಳ್ರಿ, ಯಾವ ಊರು ಹೇಳ್ರಿ, ನಳ ಯಾವತ್ತ ಬರ್ತೈತಿ ಅಂತ ಕೇಳ್ರಿ. ಮಾತು ಶುರು ಮಾಡಾಕ ಇದಕ್ಕಿಂತ ಚಲೋ ಪ್ರಶ್ನೆ ಈ ಊರಾಗ ಇಲ್ಲ, ಯಾಕಂದ್ರ ಪ್ರತಿ ಮನಿಗೂ ಅದು ಗೊತ್ತಿರ್ತೈತಿ, ಹೇಳಾಕ ಖುಷಿನೂ ಪಡ್ತಾರ. ನೀರು ಬಿಡಾಂವನ ನಂಬರ್ ಯಾರ ಹತ್ರ ಐತಿ ಅಂತನೂ ಅಲ್ಲೇ ತಿಳೀತೈತಿ. ಎರಡನೇ ಮನಿಗೆ ಬಂದಾಗ ನಾವು ಹಿಂಗ ಮಾಡಿದ್ವಿ, ಒಂದು ವಾರದಾಗ ಓಣಿ ತುಂಬ ಗುರುತಾತು.

ಮಾತಿಂದು ಹೆದರಬ್ಯಾಡ್ರಿ. ಇಲ್ಲಿ ಮಂದಿ ದನಿ ದೊಡ್ಡದು, ಹೊಸಬರಿಗೆ ಜಗಳ ಮಾಡಾಕತ್ತಾರ ಅನಸತೈತಿ, ಆದ್ರ ಆ ದನಿ ಹಿಂದ ಒಂದು "ರೀ" ಇರ್ತೈತಿ ಅದನ್ನ ಕೇಳ್ರಿ. ನೀವು ನಿಮ್ಮ ಹಾಸನದ ಕನ್ನಡದಾಗ ಮಾತಾಡ್ರಿ, ಯಾರೂ ನಗೂದಿಲ್ಲ, ನಿಮ್ಮ ಮನಿಯವರಿಗೂ ಹೇಳ್ರಿ. ಸಂತ್ಯಾಗ ಮಾತ್ರ ಕೆಲವು ಶಬ್ದ ತಿಳಕೊಂಡಿದ್ರ ಚಲೋ. ಈರುಳ್ಳಿಗೆ ಉಳ್ಳಾಗಡ್ಡಿ ಅಂತೀವಿ, ಬೆಳ್ಳುಳ್ಳಿಗೆ ಬಳ್ಳೊಳ್ಳಿ, ಹುರಿಗಡಲೆಗೆ ಪುಠಾಣಿ, ಮಂಡಕ್ಕಿಗೆ ಚುರುಮರಿ, ಕಡಲೇಕಾಯಿಗೆ ಶೇಂಗಾ, ತರಕಾರಿಗೆ ಕಾಯಿಪಲ್ಲೆ. "ಅಡ್ಡಿ ಇಲ್ಲ" ಅಂದ್ರ ಆಗಬಹುದು, ಚಲೋ ಐತಿ ಅಂತ, ಅದನ್ನ ಬೇಸರದ ಮಾತು ಅಂತ ತಿಳ್ಕೋಬ್ಯಾಡ್ರಿ. ನನ್ನ ಆಫೀಸಿನ್ಯಾಗ ಮೈಸೂರಿನ ಹುಡುಗಿ ಒಬ್ಬಾಕಿ ಇದ್ಲು, ಆಕಿ ಮಾಡಿ ತಂದ ಬಿಸಿಬ್ಯಾಳಿಬಾತ್ ತಿಂದು ನಾವೆಲ್ಲಾ "ಅಡ್ಡಿ ಇಲ್ಲ" ಅಂದ್ವಿ, ಪಾಪ ಆಕಿಗೆ ಅವತ್ತ ಇಡೀ ದಿನ ಮನಸಿಗೆ ಹತ್ತಿತ್ತು.

ಇನ್ನ ಹುಬ್ಬಳ್ಳಿನೋ ಧಾರವಾಡನೋ ಅನ್ನೂದು. ನಾವು ಮೊದಲು ಹುಬ್ಬಳ್ಳಿ ಒಳಗ ಮನಿ ಮಾಡಿ ತಪ್ಪು ಮಾಡಿದ್ವಿ. ಆಗ ಬಿಆರ್‌ಟಿಎಸ್ ಅಂದ್ರ ಬಸ್ಸಿಗೆ ಅಂತನ ಬ್ಯಾರೆ ದಾರಿ ಮಾಡೂ ರಸ್ತೆ ಕೆಲಸ ನಡದಿತ್ತು, ಧೂಳಿನ್ಯಾಗ ಹೋಗಿ ಬಂದು ಮಾಡಿ ರಾತ್ರಿ ಮನಿ ಮುಟ್ಟೂದ್ರಾಗ ನನಗ ಅಡಗಿ ಮಾಡೂ ತ್ರಾಣ ಇರತಿರಲಿಲ್ಲ. 2018ರ ಅಕ್ಟೋಬರ್‌ನಾಗ ಆ ದಾರ್ಯಾಗ ಚಿಗರಿ ಅನ್ನೂ ಬಸ್ ಓಡಾಕ ಹತ್ತಿದ್ವು, ರಸ್ತೆ ನಡುವ ಅದಕ್ಕ ಬ್ಯಾರೆ ದಾರಿ, ಟ್ರಾಫಿಕ್ ಕಾಯೂದು ಕಡಿಮಿ ಆತು. ಎಲ್ಲಾ ಸ್ಟಾಪಿಗೆ ನಿಲ್ಲೂವು ಬ್ಯಾರೆ, ನಡುವ ನಿಲ್ಲದ ಹೋಗೂವು ಬ್ಯಾರೆ, ಹತ್ತೂ ಮುಂದ ಬೋರ್ಡ್ ನೋಡ್ರಿ. ಅದ ಸಮಯಕ್ಕ ನಾವು ಎರಡೂ ಊರಿನ ನಡುವ ನವನಗರಕ್ಕ ಬಂದ್ವಿ. ನಿಮಗೂ ನಾ ಅದನ್ನ ಹೇಳ್ತೇನಿ. ಉಣಕಲ್, ಭೈರಿದೇವರಕೊಪ್ಪ, ನವನಗರ ಈ ಪಟ್ಟಿಯೊಳಗ, ಚಿಗರಿ ಸ್ಟಾಪಿನಿಂದ ಹತ್ತು ನಿಮಿಷ ನಡದು ಹೋಗೂವಷ್ಟು ದೂರದಾಗ ಮನಿ ನೋಡ್ರಿ. ನಿಮ್ಮ ಮನಿಯವರು ಕತ್ತಲಾದ ಮ್ಯಾಲೆ ಬರೂದಿದ್ರ ಸ್ಟಾಪಿನಿಂದ ಮನಿ ತನಕ ಲೈಟ್ ಅದಾವೇನು ಅಂತ ರಾತ್ರಿ ಎಂಟಕ್ಕ ಒಮ್ಮೆ ಹೋಗಿ ನೀವ ನಡದು ನೋಡ್ರಿ, ಹಗಲು ನೋಡಿದ್ರ ಗೊತ್ತಾಗೂದಿಲ್ಲ. ಒಬ್ಬರ ಆಫೀಸಿನ ಮಗ್ಗಲಕ ಮನಿ ಮಾಡಿದ್ರ ಇನ್ನೊಬ್ಬರು ದಿನಾ ದಣದು ಬರೂದು, ಮನ್ಯಾಗ ಇದ್ದವರು ಕಾಯೂದು, ಅದು ಬ್ಯಾಡ್ರಿ. ಇಬ್ಬರೂ ಅಷ್ಟಷ್ಟ ದಣೀಲಿ.

ಊಟದ್ದು ನಿಮಗ ಸ್ವಲ್ಪ ದಿನ ಹಿಡೀಬಹುದು. ಮುದ್ದಿ ಇಲ್ಲಿ ಸಿಗೂದು ಕಡಿಮಿ, ರಾಗಿ ಹಿಟ್ಟು ಊರಿನಿಂದ ತರ್ರಿ. ಇಬ್ಬರೂ ದುಡಿಯೂ ಮನಿಗೆ ಜ್ವಾಳದ ರೊಟ್ಟಿಯಂಥಾ ಅನುಕೂಲ ಇನ್ನೊಂದಿಲ್ಲ, ಓಣಿ ಓಣ್ಯಾಗ ರೊಟ್ಟಿ ಬಡದು ಮಾರೂ ಹೆಣ್ಣಮಕ್ಕಳು ಅದಾರ, ಕಟಕ ರೊಟ್ಟಿ ಇಪ್ಪತ್ತು ತಂದು ಡಬ್ಬಿಯೊಳಗ ಇಟ್ರ ವಾರಗಟ್ಲೆ ಕೆಡೂದಿಲ್ಲ. ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಮೊಸರು, ಒಂದು ಉಳ್ಳಾಗಡ್ಡಿ ಇದ್ರ ರಾತ್ರಿ ಒಂಬತ್ತಕ್ಕ ಬಂದ್ರೂ ಊಟ ಆತು, ಯಾರು ಅಡಗಿ ಮಾಡಬೇಕು ಅನ್ನೂ ಮಾತೇ ಬರೂದಿಲ್ಲ. ರವಿವಾರ ಸಂಜಿಕ ಗಿರಮಿಟ್ (ಚುರುಮರಿ ಕಲಸಿ ಮಾಡಿದ್ದು), ಮಿರ್ಚಿ ಭಜಿ ತಿಂದು ಉಣಕಲ್ ಕೆರಿ ದಂಡಿಗೆ ಕುಂದರ್ರಿ. ನಮಗ ಭಾಳ ರೊಕ್ಕ ಇರಲಿಲ್ಲ ಆಗ, ಅಲ್ಲೇ ಕುಂತು ತಿಂಗಳ ಲೆಕ್ಕಾ ಮಾಡತಿದ್ವಿ, ಈಗಲೂ ಮಾಡ್ತೇವಿ. ಕೆರಿ ಹತ್ರ ಚಂದ್ರಮೌಳೇಶ್ವರ ಗುಡಿ ಐತಿ, ಚಾಲುಕ್ಯರ ಕಾಲದ್ದು, ನಾಲ್ಕೂ ದಿಕ್ಕಿಗೆ ಬಾಗಲಾ, ಹೊತ್ತು ಮುಳುಗೂ ಮುಂದ ಒಳಗ ಬೆಳಕು ಬೀಳೂದನ್ನ ಒಮ್ಮೆ ನೋಡ್ರಿ.

ನಿಮ್ಮ ತಂದಿ-ತಾಯಿ ಬರೂದಾದ್ರ ರೈಲು ಚಲೋ, ಬೆಂಗಳೂರಿನಿಂದ ಬರೂ ಗಾಡಿ ಭಾಳ ಅರಸೀಕೆರಿ ಮ್ಯಾಲೇ ಬರ್ತಾವು. ಹುಬ್ಬಳ್ಳಿ ಸ್ಟೇಷನ್ನಿನ್ಯಾಗ ಒಂದು ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಐತಿ, ಜಗತ್ತಿನ್ಯಾಗ ಅಷ್ಟು ಉದ್ದದ್ದು ಇನ್ನೊಂದಿಲ್ಲ, ಅದಕ್ಕ ವಯಸ್ಸಾದವರು ಬರೂ ಮುಂದ ಬೋಗಿ ನಂಬರ್ ಮೊದಲ ಕೇಳಿಕೊಂಡು ಆ ಜಾಗಾದಾಗ ಹೋಗಿ ನಿಲ್ರಿ, ಇಲ್ಲಂದ್ರ ಚೀಲ ಹೊತ್ತು ಅವರು ನಡೀಬೇಕಾಗತೈತಿ.

ಕಡೀಕ ಮನಿ ಪರೀಕ್ಷಾದ ಎರಡು ಮಾತು. ಹುಬ್ಬಳ್ಳಿ ಮೂಡಣ ದಿಕ್ಕಿಗೆ, ಗದಗ ರೋಡ್ ಕಡೆ ಎಲ್ಲಾ ಎರಿ ಮಣ್ಣು, ಅಂದ್ರ ಕಪ್ಪು ಮಣ್ಣು, ಬ್ಯಾಸಿಗ್ಯಾಗ ಬಿರೀತೈತಿ ಮಳಿಗಾಲದಾಗ ಉಬ್ಬತೈತಿ, ಪಾಯಾ ಸರಿ ಹಾಕಿರಲಿಲ್ಲ ಅಂದ್ರ ಗ್ವಾಡಿ ಸೀಳತಾವು. ಹೊಸಾ ಬಣ್ಣ ಹಚ್ಚಿದ ಮನಿ ಆಗಿದ್ರ ಬಾಗಲಾ ಕಿಡಕಿ ಮೂಲಿ ಹತ್ರ ಅಡ್ಡಡ್ಡ ಗೆರಿ ಅದಾವೇನು ನೋಡ್ರಿ, ಬಾಗಲಾ ಹಾಕಿ ತಗದು ನೋಡ್ರಿ, ಹಿಡದ್ರ ಗ್ವಾಡಿ ಅಲಗೇತಿ ಅಂತ ತಿಳೀರಿ. ಧಾರವಾಡದ ಕಡೆ ಮನಿ ನೋಡಿದ್ರ ಅಲ್ಲಿ ಮಳಿ ಹುಬ್ಬಳ್ಳಿಗಿಂತ ಹೆಚ್ಚು, ಜಿಟಿಜಿಟಿ ಅಂತ ದಿನಗಟ್ಲೆ ಹಿಡಕೊಂಡು ಕುಂದರತೈತಿ, ಪಡುವಣ ಮಗ್ಗಲದ ಗ್ವಾಡಿಗೆ ಅಂಗೈ ಇಟ್ಟು ನೋಡ್ರಿ, ತಂಪು ಹತ್ತಿದ್ರ ಆ ಖೋಲ್ಯಾಗ ಹಾಸಿಗಿ ಬಟ್ಟಿ ಇಡಾಕ ಬರೂದಿಲ್ಲ, ನಮ್ಮ ಆಫೀಸಿನ ಹುಡುಗಿ ಲಗ್ನದ ರೇಷ್ಮಿ ಸೀರಿಗೆ ಬೂಸ್ಟು ಹಿಡದಿತ್ತು. ಎಲ್ಲಿ ನೋಡಿದ್ರೂ ಮಾಲಕರನ್ನ ಅಷ್ಟ ಕೇಳಬ್ಯಾಡ್ರಿ, ಮಗ್ಗಲ ಮನಿಯವರನ್ನ ಕೇಳ್ರಿ. ಮನಿ ಎರಡು ಮೂರು ಆರಿಸಿದ ಮ್ಯಾಲೆ ಓಣಿ ಹೆಸರು ಇಲ್ಲೇ ಕೆಳಗ ಬರೀರಿ, ಅಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಅಂತ ನಾ ಗುರುತಿನವರಿಗೆ ಕೇಳಿ ಹೇಳ್ತೇನಿ.