ಸಿನ್ಸಿನಾಟಿಯ ‘ಹೋಲಿ ಕ್ರಾಸ್-ಇಮ್ಯಾಕ್ಯುಲೇಟಾ’ ಚರ್ಚಿಗೆ ಎರಡು ಹೆಸರು ಯಾಕೆ?

ಯಾಕಂದ್ರೆ ಮೊದಲು ಅವು ಎರಡು ಚರ್ಚುಗಳು. ಒಂದು ಜರ್ಮನ್ನರದ್ದು, ಇನ್ನೊಂದು ಐರಿಶ್ ಜನರದ್ದು. ಎರಡೂ ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದ ಮೌಂಟ್ ಆಡಮ್ಸ್ ಅನ್ನೋ ಒಂದೇ ಗುಡ್ಡದ ಮೇಲಿದ್ದವು. ಇಬ್ಬರೂ ಕ್ಯಾಥೊಲಿಕರು, ನಂಬಿಕೆ ಒಂದೇ, ಬಲಿಪೂಜೆ (ಚರ್ಚಿನ ಮುಖ್ಯ ಪೂಜೆ) ಕೂಡ ಆಗ ಎರಡೂ ಕಡೆ ಲ್ಯಾಟಿನ್‌ನಲ್ಲೇ. ಆದರೆ ಗುರುಗಳ ಉಪದೇಶ ಅರ್ಥವಾಗಬೇಕು, ಪಾಪನಿವೇದನೆಯನ್ನು ತಮ್ಮ ಮಾತಲ್ಲೇ ಮಾಡಬೇಕು ಅನ್ನೋದು ಸಹಜ ಅಲ್ವಾ?

ಜರ್ಮನ್ನರ ಚರ್ಚು ಇಮ್ಯಾಕ್ಯುಲೇಟಾ, ಅದನ್ನು ಕಟ್ಟಿದ್ದು 1859ರಲ್ಲಿ. ಸಿನ್ಸಿನಾಟಿಯ ಆರ್ಚ್‌ಬಿಷಪ್ ಪರ್ಸೆಲ್ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಾಗ, ಬದುಕಿ ಬಂದರೆ ಊರಿನ ಎತ್ತರದ ಜಾಗದಲ್ಲಿ ಮಾತೆ ಮರಿಯಳಿಗೆ ಗುಡಿ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದರಂತೆ. ಬಲಿಪೀಠದ ಮೇಲಿನ ದೊಡ್ಡ ಚಿತ್ರದಲ್ಲಿ ಇವತ್ತಿಗೂ ಜರ್ಮನ್ ಪ್ರಾರ್ಥನೆಯ ಸಾಲು ಇದೆ.

ಇಂಗ್ಲಿಷ್ ಮಾತಾಡುವ ಐರಿಶ್ ಜನರಿಗಾಗಿ 1873ರಲ್ಲಿ ಹೋಲಿ ಕ್ರಾಸ್ ಶುರುವಾಯಿತು. ನೋಡಿಕೊಂಡವರು ಪ್ಯಾಷನಿಸ್ಟ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಗುರುಗಳು, ಅವರ ಮಠ ಇದ್ದದ್ದು ಹಳೆಯ ನಕ್ಷತ್ರ ವೀಕ್ಷಣಾಲಯದ ಜಾಗದಲ್ಲಿ. 1895ರಲ್ಲಿ ದೊಡ್ಡ ಕಟ್ಟಡವೂ ಎದ್ದಿತು.

ಮುಂದೆ ಮಕ್ಕಳು, ಮೊಮ್ಮಕ್ಕಳ ಕಾಲಕ್ಕೆ ಎಲ್ಲರ ಮನೆಮಾತೂ ಇಂಗ್ಲಿಷ್ ಆಯಿತು. ಬೇರೆಬೇರೆ ಇರೋಕೆ ಇದ್ದ ಕಾರಣವೇ ಹೋಯಿತು. 1970ರಲ್ಲಿ ಎರಡನ್ನೂ ಸೇರಿಸಿ ಒಂದೇ ಧರ್ಮಕೇಂದ್ರ ಮಾಡಿದರು. ಪೂಜೆಗೆ ಉಳಿಸಿಕೊಂಡದ್ದು ಜರ್ಮನ್ನರ ಕಟ್ಟಡ, ಆದರೆ ಹೆಸರಲ್ಲಿ ಐರಿಶ್ ಜನರ ಹೋಲಿ ಕ್ರಾಸ್ ಮೊದಲು ಬರುತ್ತದೆ. ಇದು ನನಗೆ ತುಂಬಾ ಇಷ್ಟವಾದ ವಿಷಯ, ಕಟ್ಟಡ ಕಳೆದುಕೊಂಡವರು ಹೆಸರನ್ನಾದರೂ ಉಳಿಸಿಕೊಂಡರು.

ಪ್ರತಿ ಗುಡ್ ಫ್ರೈಡೇ ದಿನ ಸಾವಿರಾರು ಜನ ಗುಡ್ಡದ ಬುಡದಿಂದ ಒಂದೊಂದು ಮೆಟ್ಟಿಲಿಗೂ ನಿಂತು, ಪ್ರಾರ್ಥನೆ ಹೇಳುತ್ತಾ ಈ ಚರ್ಚಿಗೆ ಹತ್ತುತ್ತಾರೆ.